‘ಬರೀ ಕಾರ್ಟೂನ್’ ಎಂದು ಮಾತ್ರ ಹೇಳಬೇಡಿ

ನಿಮ್ಮ 9 ವರ್ಷದ ತಮ್ಮ ‘ಇನ್ವಿನ್ಸಿಬಲ್’ ಸರಣಿಯ ಮೊದಲ ಸೀಸನ್ನಿನ ಕೊನೆಯ ಕಂತನ್ನು ಅರ್ಧ ನೋಡಿ 4 ದಿನಗಳಿಂದ ದೀಪ ಆರಿಸಲು ಬಿಡುತ್ತಿಲ್ಲ. ಅದು ಬರೀ ಕಾರ್ಟೂನ್ ಎಂದು ಅವನಿಗೆ ಮನವರಿಕೆ ಮಾಡಿಕೊಡುವುದು ಹೇಗೆ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಿಕೊಡಬೇಡಿ. ನಾನು ಅದನ್ನೇ ಮಾಡಿದೆ. ಆ ಎರಡು ಪದಗಳು ನನ್ನ ಭಾವನ ಒಂದು ತಿಂಗಳ ರಜೆಯನ್ನು ನುಂಗಿಹಾಕಿದವು.

2023ರ ಜುಲೈ. ನಮ್ಮ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ. ಮಳೆ ಬಿಡದೆ ಹೊಡೆಯುತ್ತಿತ್ತು, ಶಾಲೆಗಳಿಗೆ ರಜೆ ಕೊಟ್ಟಿದ್ದರು. ಭಾವ ಶಾರ್ಜಾದಲ್ಲಿ ದುಡಿಯುವವರು. ಅಕ್ಕ ಮತ್ತು 8 ವರ್ಷದ ಅಳಿಯ ನಮ್ಮ ಜೊತೆಗೇ ಇದ್ದರು. ನಮ್ಮ ಕಡೆ ಸೋದರಮಾವನೆಂದರೆ ಅರ್ಧ ಅಪ್ಪ. ಸೋದರಮಾವನಿಂದ ಅಳಿಯನಿಗೆ ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿ ಕಾನೂನಿನಲ್ಲಿ ಬಲ ಕಳೆದುಕೊಂಡರೂ ಮನೆಯೊಳಗಿಂದ ಪೂರ್ತಿ ಹೋಗಿಲ್ಲ. ಹುಡುಗನನ್ನು ಶಾಲೆಗೆ ಬಿಡುವುದು, ಮಗ್ಗಿ ಹೇಳಿಸುವುದು, ಜ್ವರ ಬಂದರೆ ರಾತ್ರಿ ಕೂರುವುದು ಎಲ್ಲ ನನ್ನ ಪಾಲಿಗೆ. ಅವನ ಅಪ್ಪನೆಂದರೆ ವರ್ಷಕ್ಕೊಮ್ಮೆ ಆಕಾಶದಿಂದ ಇಳಿದು ಬರುವ ಮನುಷ್ಯ. ಬಜಪೆಯ ವಿಮಾನ ನಿಲ್ದಾಣದ ಹೊರಗೆ ನಿಂತು, ಪ್ರತಿ ವಿಮಾನದ ಸದ್ದಿಗೂ ಹುಡುಗ ‘ಅಪ್ಪ ಬಂದರು’ ಎಂದು ಕುಣಿಯುತ್ತಿದ್ದ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಾನು ಈ ಸರಣಿಯ ಅಭಿಮಾನಿ, ಈಗಲೂ ಹೌದು. ರಾಬರ್ಟ್ ಕರ್ಕ್‌ಮನ್ ಬರೆದ ಕಾಮಿಕ್ಸ್ 2003ರಿಂದ 2018ರವರೆಗೆ 144 ಸಂಚಿಕೆ ಬಂದಿತ್ತು. ಅನಿಮೇಷನ್ ರೂಪದಲ್ಲಿ ಪ್ರೈಮ್ ವಿಡಿಯೋಗೆ ಬಂದದ್ದು 2021ರಲ್ಲಿ. ಮಾರ್ಕ್ ಎಂಬ ಹೈಸ್ಕೂಲ್ ಹುಡುಗ, ಜಗತ್ತಿನಲ್ಲೇ ಅತಿ ಬಲಶಾಲಿಯಾದ ಆಮ್ನಿಮ್ಯಾನ್ ಎಂಬ ಅಪ್ಪ, ಸಾಮಾನ್ಯ ಮನುಷ್ಯಳಾದ ಅಮ್ಮ ಡೆಬ್ಬಿ. ಮೊದಲ ಕಂತು ಮುಗಿಯುತ್ತ ಬರುವವರೆಗೂ ಬಣ್ಣಬಣ್ಣದ ಮಕ್ಕಳ ಕಾರ್ಟೂನಿನಂತೆಯೇ ಇರುತ್ತದೆ. ಆಮೇಲೆ ಕೊನೆಯ ಕೆಲವು ನಿಮಿಷಗಳಲ್ಲಿ ಆ ಅಪ್ಪ ತನ್ನ ಜೊತೆಗಾರರನ್ನೇ ಬರಿಗೈಯಲ್ಲಿ ಕೊಂದುಹಾಕುತ್ತಾನೆ. ದೊಡ್ಡವರಿಗಾಗಿ ಮಾಡಿದ ಸರಣಿ ಎಂದು ತೆರೆಯ ಮೇಲೆಯೇ ಬರೆದಿರುತ್ತದೆ. 7 ಕಂತುಗಳನ್ನು ನಾನು ರಾತ್ರಿ ಬಾಗಿಲು ಹಾಕಿಕೊಂಡೇ ನೋಡಿದ್ದೆ. ಎಂದರೆ ನನಗೆ ಎಲ್ಲ ಗೊತ್ತಿತ್ತು.

8ನೆಯದನ್ನು ಹಗಲು ಹಾಕಿದೆ. ಅಳಿಯ ಹಲಸಿನ ಹಪ್ಪಳದ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತ. ಏಳಿಸಲು ಮನಸ್ಸಾಗಲಿಲ್ಲ. ಕೊನೆಯ ಕಂತಲ್ಲವೇ, ಅಪ್ಪ ಮಗ ಒಂದಾಗುತ್ತಾರೆ, ನೋಡಲಿ ಎಂದುಕೊಂಡೆ. ಅಪ್ಪ ಸತ್ಯ ಹೇಳತೊಡಗಿದ: ತಾನು ವಿಲ್ಟ್ರಮ್ ಎಂಬ ಬೇರೆ ಗ್ರಹದವನು, ಭೂಮಿಯನ್ನು ವಶಪಡಿಸಿಕೊಳ್ಳಲೆಂದೇ ಬಂದವನು, ಅಮ್ಮನ ಮೇಲೆ ಪ್ರೀತಿಯಿದೆ, ಆದರೆ ಅದು ಸಾಕುಪ್ರಾಣಿಯ ಮೇಲಿನ ಪ್ರೀತಿಯಂಥದ್ದು. ಹುಡುಗನ ಬಾಯಿಯಲ್ಲಿ ಹಪ್ಪಳದ ಕರಕರ ನಿಂತಿತು. ಆಮೇಲೆ ಸುರಂಗದ ರೈಲು. ಮಗನನ್ನು ಹಳಿಯ ಮೇಲೆ ಹಿಡಿದು ನಿಲ್ಲಿಸಿ, ಓಡಿ ಬರುವ ರೈಲು ಅವನ ಮೈಗೆ ಬಡಿದು ಸೀಳಿಹೋಗುವಂತೆ, ಒಳಗಿದ್ದ ಜನರೆಲ್ಲ ಸಾಯುವಂತೆ ಅಪ್ಪನೇ ಮಾಡುತ್ತಾನೆ. ನಾನು ರಿಮೋಟಿನ ಕೆಂಪು ಗುಂಡಿ ಒತ್ತಿದೆ.

ತೆರೆ ಕಪ್ಪಾಯಿತು. ಹಂಚಿನ ಮೇಲಿನ ಮಳೆಯ ಸದ್ದು ಒಮ್ಮೆಲೇ ಜೋರಾಗಿ ಕೇಳಿಸಿತು. ಹುಡುಗನ ಕೈಯಲ್ಲಿ ಅರ್ಧ ಹಪ್ಪಳ ಹಾಗೇ ಇತ್ತು.

‘ಮಾವ, ಅವನು ಸತ್ತನಾ?’

‘ಅದೆಲ್ಲ ಸುಳ್ಳು ಮಾರಾಯ, ಬರೀ ಕಾರ್ಟೂನ್. ಹೋಗಿ ಕೈ ತೊಳೆದುಕೋ.’

ಈ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೆಂದರೆ ಲೆಕ್ಕವಿಲ್ಲ. ಅವನನ್ನು ಕೂರಿಸಿಕೊಂಡದ್ದು ತಪ್ಪು, ನಿಜ. ಆದರೆ ಆ ತಪ್ಪನ್ನು ಅಂದೇ ಸರಿಪಡಿಸಬಹುದಿತ್ತು. ಟಿ.ವಿ. ಆರಿಸಿದ್ದೂ ದೊಡ್ಡ ತಪ್ಪಲ್ಲ. 8 ವರ್ಷದ ಮಗು ಅಷ್ಟು ರಕ್ತ ನೋಡಬಾರದು. ಆರಿಸಿದ ಜಾಗ ತಪ್ಪು. ಅಪ್ಪ ಮಗನನ್ನು ಬಡಿಯುತ್ತಿರುವ ಹೊತ್ತಿನಲ್ಲಿ ಕಥೆಯನ್ನು ನಿಲ್ಲಿಸಿದರೆ, ಮಗುವಿನ ತಲೆಯೊಳಗೆ ಆ ಅಪ್ಪ ಬಡಿಯುತ್ತಲೇ ಇರುತ್ತಾನೆ. ಅದಕ್ಕಿಂತ ದೊಡ್ಡದು, ಅವನು ಕೇಳಿದ ಪ್ರಶ್ನೆಗೆ ನಾನು ಉತ್ತರವನ್ನೇ ಕೊಡಲಿಲ್ಲ. ಸತ್ತನೋ ಬದುಕಿದನೋ ಎಂದು ಅವನು ಕೇಳಿದ. ಕೇಳುವುದೇ ತಪ್ಪು ಎಂದು ನಾನು ಹೇಳಿದಂತಾಯಿತು. ಹಾಗಾಗಿ ಅವನು ಮತ್ತೆ ಕೇಳಲಿಲ್ಲ. 2 ತಿಂಗಳು ಕೇಳಲಿಲ್ಲ. ಹೆದರಿಕೆ ಮಾತಿನಲ್ಲಿ ಹೊರಬರುವ ದಾರಿಯನ್ನು ನಾನೇ ಮುಚ್ಚಿದ್ದೆ.

ಅದೇ ರಾತ್ರಿ ಉಳಿದದ್ದನ್ನು ಒಬ್ಬನೇ ನೋಡಿದೆ. ಬೆಟ್ಟದ ಮೇಲೆ ಮಗನ ಮುಖ ಗುರುತು ಸಿಗದಂತೆ ಜಜ್ಜಿಹೋಗಿದೆ. ಎಲ್ಲರೂ ಸತ್ತು ಇನ್ನು 500 ವರ್ಷ ಕಳೆದ ಮೇಲೆ ನಿನಗೆ ಯಾರಿರುತ್ತಾರೆ ಎಂದು ಅಪ್ಪ ಅಬ್ಬರಿಸುತ್ತಾನೆ. ನೀನಿರುತ್ತೀಯಲ್ಲ ಅಪ್ಪ ಎನ್ನುತ್ತಾನೆ ಮಗ. ಅಪ್ಪನಿಗೆ ಪುಟ್ಟ ಮಗನ ಬೇಸ್‌ಬಾಲ್ ಆಟ ನೆನಪಾಗುತ್ತದೆ. ಎತ್ತಿದ ಮುಷ್ಟಿ ಕೆಳಗೆ ಬರುವುದಿಲ್ಲ. ಕಣ್ಣೀರು ತುಂಬಿಕೊಂಡು ಭೂಮಿಯನ್ನೇ ಬಿಟ್ಟು ಹಾರಿಹೋಗುತ್ತಾನೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಅಪ್ಪ ತೀರಿಹೋಗಿ ಆಗ 3 ವರ್ಷವಾಗಿತ್ತು. ಹೀಗೆ ಅತ್ತವನು, ಬೆಳಿಗ್ಗೆ ಎದ್ದು ಪಕ್ಕದ ಕೋಣೆಯ ಹುಡುಗನಿಗೆ ಒಂದು ಮಾತು ಹೇಳಲಿಲ್ಲ. ಮರೆತಿರುತ್ತಾನೆ, ನೆನಪಿಸುವುದು ಬೇಡ ಎಂದುಕೊಂಡೆ.

ಆಗಸ್ಟ್ ಕೊನೆಗೆ ಭಾವ ಬಂದರು. ಬಜಪೆಯಲ್ಲಿ ಹುಡುಗ ಕುಣಿಯಲಿಲ್ಲ, ನನ್ನ ಕಾಲಿನ ಹಿಂದೆ ನಿಂತ. ದೂರವಿದ್ದ ನಾಚಿಕೆ ಎಂದುಕೊಂಡೆವು. ಮನೆಯಲ್ಲಿ ಅಪ್ಪ ಕರೆದರೆ ಅಮ್ಮನ ಬೆನ್ನಿಗೆ ಅಂಟಿಕೊಳ್ಳುತ್ತಿದ್ದ, ರಾತ್ರಿ ಅಪ್ಪ ಅಮ್ಮನ ನಡುವೆ ಮಲಗಲು ಒಪ್ಪದೆ ನನ್ನ ಚಾಪೆಗೆ ಬರುತ್ತಿದ್ದ. ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿ ಉತ್ಸವ. ಹೆಗಲ ಮೇಲೆ ಕೂರಿಸಿಕೊಂಡು ರಥಬೀದಿಯಲ್ಲಿ ಮೊಸರು ಕುಡಿಕೆ, ಹುಲಿವೇಷ ತೋರಿಸಬೇಕೆಂದು ಭಾವ ವರ್ಷದಿಂದ ಕಾದಿದ್ದರು. ಹುಡುಗ ಗೇಟಿನ ಸರಳು ಬಿಡಲಿಲ್ಲ. ಭಾವ ಏನೂ ಹೇಳದೆ ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿ, ಜಗಲಿಯಲ್ಲಿ ಕುಳಿತರು. ದೂರದಿಂದ ತಾಸೆಯ ಪೆಟ್ಟು ಕೇಳುತ್ತಿತ್ತು.

ರಜೆ ಮುಗಿಯಲು 4 ದಿನವಿರುವಾಗ, ದೀಪ ಆರಿಸಿದ ಮೇಲೆ, ಹುಡುಗ ಕೇಳಿದ: ‘ಮಾವ, ಅಪ್ಪನಿಗೂ ಅಮ್ಮ ನಾಯಿಮರಿಯ ಹಾಗೆಯಾ?’

ಆಗ ನನಗೆ ಅರ್ಥವಾಯಿತು. ಎಲ್ಲಿಂದಲೋ ಹಾರಿ ಬರುವ, ಮತ್ತೆ ಅಲ್ಲಿಗೇ ಹೋಗುವ, ಎಲ್ಲರಿಗಿಂತ ದೊಡ್ಡ ಮೈಯ ಅಪ್ಪ.

ಎದ್ದು ಕುಳಿತು ಇಡೀ ಕಥೆ ಹೇಳಿದೆ. ತೋರಿಸಲಿಲ್ಲ, ಬಾಯಲ್ಲಿ ಹೇಳಿದೆ. ಮುಷ್ಟಿ ನಿಂತ ಜಾಗಕ್ಕೆ ಬಂದಾಗ ಅವನು ನನ್ನ ಕೈ ಹಿಡಿದು, ‘ಯಾರು ತಡೆದರು?’ ಎಂದ. ಯಾರೂ ತಡೆಯಲಿಲ್ಲ, ಅವನೇ ನಿಲ್ಲಿಸಿದ ಎಂದೆ. ‘ಅವನೇ?’ ಎಂದು ಮತ್ತೆ ಕೇಳಿದ. ಹೌದು, ಅವನೇ, ಅತ್ತುಕೊಂಡು ಎಂದೆ. ಬಹಳ ಹೊತ್ತು ಸುಮ್ಮನಿದ್ದು ನಿದ್ದೆಹೋದ. ಮರುದಿನ ಸಂಜೆ ಅಪ್ಪನ ಜೊತೆ ಮಲ್ಪೆಗೆ ಹೋದ, ಮೊದಲ ಸಲ.

ನೀವು ನಿಮ್ಮ ತಮ್ಮನಿಗೆ ಇನ್ನು ಮುಂದೆ ಇಂಥದ್ದನ್ನು ತೋರಿಸಬೇಡಿ, ಟಿ.ವಿ.ಗೆ ಪಿನ್ ಸಂಖ್ಯೆಯ ಬೀಗ ಹಾಕಿ, ಅದು ಸರಿ. ಆದರೆ ಸುಳ್ಳು, ಬೊಂಬೆ, ಬಣ್ಣ ಎಂದು ವಾದಿಸಿ ಹೆದರಿಕೆ ಓಡಿಸಬಹುದು ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನಾನು 6 ವರ್ಷದವನಿದ್ದಾಗ ಗದ್ದೆಯಲ್ಲಿ ಕಟೀಲು ಮೇಳದ ‘ದೇವಿ ಮಹಾತ್ಮೆ’ ಯಕ್ಷಗಾನದ ಆಟ. ದೊಂದಿಯ ಬೆಂಕಿಯ ನಡುವೆ, ಕೋಡು ಹೊತ್ತ ಮಹಿಷಾಸುರ ಜನರ ಹಿಂದಿನಿಂದ ಅಬ್ಬರಿಸುತ್ತ ಬಂದಾಗ ನಾನು ಅಜ್ಜಿಯ ಸೆರಗಿನೊಳಗೆ ಚೀರಿದೆ. ಅದು ವೇಷ, ಒಳಗೆ ಮನುಷ್ಯನಿದ್ದಾನೆ ಎಂದು ಅಜ್ಜಿ ಹೇಳಲಿಲ್ಲ. ‘ನಿದ್ದೆ ಮಾಡಬೇಡ, ಈಗ ದೇವಿ ಬರುತ್ತಾಳೆ’ ಎಂದರು. ದೇವಿ ಅವನನ್ನು ಕೊಂದ ಮೇಲೆಯೇ ಮಡಿಲಲ್ಲಿ ಮಲಗಲು ಬಿಟ್ಟರು. ಮಗನನ್ನು ಕೊಲ್ಲಿಸಲು ಹೊರಟ ಹಿರಣ್ಯಕಶಿಪುವನ್ನೂ ನಮ್ಮ ಮಕ್ಕಳು ಶತಮಾನಗಳಿಂದ ನೋಡಿದ್ದಾರೆ. ಆದರೆ ಯಾವ ಮನೆಯವರೂ ಕಂಬ ಒಡೆಯುವ ಮೊದಲು ಮಗುವನ್ನು ಎಬ್ಬಿಸಿಕೊಂಡು ಹೋಗುವುದಿಲ್ಲ.

ಇಂದು ರಾತ್ರಿಯೇ ಹೇಳಿ. ಮೊದಲು ಅವನು ಎಲ್ಲಿಯವರೆಗೆ ನೋಡಿದ್ದಾನೆ ಎಂದು ಕೇಳಿ, ಅಲ್ಲಿಂದ ಶುರುಮಾಡಿ. ದೀಪ ಉರಿಯುತ್ತಿರಲಿ. ಮನೆಯಲ್ಲಿ ಅಪ್ಪ ಇದ್ದರೆ ಅವರೂ ಪಕ್ಕದಲ್ಲಿರಲಿ. ವಾರ ಕಳೆಯಲಿ, ತಾನೇ ಮರೆಯುತ್ತಾನೆ ಎಂದು ಕಾಯಬೇಡಿ. ನಾನು ಕಾದೆ. ಭಾವ ಮತ್ತೆ ಊರಿಗೆ ಬಂದದ್ದು 14 ತಿಂಗಳ ನಂತರ. ಅಳಿಯ ಓಡಿಹೋಗಿ ಅಪ್ಪಿಕೊಂಡ, ಆದರೆ ಅಷ್ಟರಲ್ಲಿ ಹೆಗಲ ಮೇಲೆ ಕೂರಿಸಿಕೊಳ್ಳಲಾಗದಷ್ಟು ಎತ್ತರ ಬೆಳೆದಿದ್ದ.