ನೆರೆಯವರ ಕಣ್ಣೀರು ಸಾಲದು, ಮನೆಯ ಕರಾರು ತೋರಿಸಿ

ಆತ್ಮೀಯರೇ, ನಮಸ್ಕಾರ.

ನೀವು ಕಳಿಸಿದ ‘ಬಿಳಿ ನೆರೆಯವರ ಪಶ್ಚಾತ್ತಾಪ’ ಪ್ರಬಂಧವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲಿನ ವಿಷಾದ ಪತ್ರ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ಇದರೊಳಗೆ ಒಂದು ಗಟ್ಟಿ ವಿಷಯ ಇದೆ, ಅದರ ಮೇಲೆ ನೀವೇ ಚಾದರ ಹೊದಿಸಿಬಿಟ್ಟಿದ್ದೀರಿ.

ನೀವು ಹೇಳಿರುವುದು ಇಷ್ಟು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನ ಲೆವಿಟೌನ್‌ನಲ್ಲಿ ನಿಮ್ಮ ಮನೆ. ಪಕ್ಕದಲ್ಲಿ ವಯಸ್ಸಾದ ಬಿಳಿಯರೊಬ್ಬರಿದ್ದಾರೆ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಬಿಳಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಮಂಡಿಯೂರಿ ಅವರನ್ನು ಕೊಂದ. ಆಮೇಲೆ ನಿಮ್ಮ ನೆರೆಯವರು ಚರ್ಚಿನ ಓದುವ ಬಳಗ ಸೇರಿದರು. ಒಂದು ಸಂಜೆ ಬೇಲಿ ಹತ್ತಿರ ನಿಂತು, ‘ಬಿಳಿಯನಾಗಿ ಹುಟ್ಟಿದ್ದಕ್ಕೆ ನಾಚಿಕೆಯಾಗುತ್ತದೆ’ ಎಂದು ಅತ್ತರು. ನೀವು ಅವರ ಕೈ ಹಿಡಿದು, ‘ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ’ ಎಂದಿರಿ. ಪ್ರಬಂಧ ಅಲ್ಲಿಗೆ ಮುಗಿಯುತ್ತದೆ.

ಆ ಕೈ ಹಿಡಿದ ಜಾಗದಿಂದಲೇ ಶುರು ಮಾಡೋಣ. ಅವರನ್ನು ಕ್ಷಮಿಸುವುದು ನಿಮ್ಮ ಕೈಯಲ್ಲಿದೆಯಾ? ಏಟು ತಿಂದವರು ಬೇರೆಯವರು. ನಿಮ್ಮ ನೆರೆಯವರ ದುಃಖ ನಿಜವಾದದ್ದೇ ಇರಬಹುದು, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರು ಅತ್ತ ಕೂಡಲೇ ಬರಹ ಪೂರ್ತಿ ಅವರ ಕಡೆ ತಿರುಗಿಬಿಡುತ್ತದೆ. ಫ್ಲಾಯ್ಡ್ ಮರೆಯಾಗುತ್ತಾರೆ. ಅನ್ಯಾಯದ ಕಥೆ ಒಬ್ಬ ಒಳ್ಳೆಯ ಮನುಷ್ಯನ ಮನಸ್ಸು ಹಗುರಾದ ಕಥೆಯಾಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಿಮ್ಮ ಪ್ರಬಂಧದಲ್ಲಿ ಯಾರು ಯಾರು ಬರುತ್ತಾರೆ ನೋಡಿ: ಅಂಚೆಯವರು, ಲೈಬ್ರರಿಯ ಹೆಂಗಸು, ಮಗಳ ಟೀಚರ್, ಕಾರ್ ರಿಪೇರಿಯವರು. ಯಾರಿಗೂ ನೀವು ಬಣ್ಣ ಹೇಳಿಲ್ಲ, ಬಿಳಿಯರು ಅಂತ ಓದುಗರೇ ಅಂದುಕೊಳ್ಳಬೇಕು. ಆಮೇಲೆ ಆಸ್ಪತ್ರೆಯ ನರ್ಸ್ ಬರುತ್ತಾರೆ. ಅವರು ಮಾತ್ರ ‘ಎತ್ತರದ ಕಪ್ಪು ಹೆಂಗಸು’. ನೆರೆಯವರಿಗೆ ಸಹ ಅಳುವ ಹೊತ್ತಿನಲ್ಲಷ್ಟೇ ಬಣ್ಣ ಬರುತ್ತದೆ, ಅಲ್ಲಿಯವರೆಗೆ ಅವರು ಬರೀ ನೆರೆಯವರು. ಬಿಳಿಯರಾಗಿರುವುದು ಅಂದರೆ ಅಮೆರಿಕದಲ್ಲಿ ಬಹಳ ಮಟ್ಟಿಗೆ ಇದೇ. ಅವರು ಮಾಮೂಲಿ ಮನುಷ್ಯರು, ಬಣ್ಣ ಇರುವುದು ಉಳಿದವರಿಗೆ. ಆ ಕಣ್ಣು ನಿಮಗೂ ಬಂದುಬಿಟ್ಟಿದೆ. ಇದನ್ನು ತಿದ್ದಿ ಅಳಿಸಬೇಡಿ. ಪ್ರಬಂಧದೊಳಗೇ ಎತ್ತಿಕೊಂಡು ಬರೆಯಿರಿ.

ಆ ನರ್ಸ್ ಆಡುವುದು ಒಂದೇ ಮಾತು: ‘ಈ ಬಿಳಿಯರಿಗೆ ವಿವರಿಸಿ ವಿವರಿಸಿ ಸಾಕಾಗಿದೆ.’ ನಿಮ್ಮ ಇಡೀ ಬರಹದಲ್ಲಿ ಅತ್ಯಂತ ಜೀವಂತ ಸಾಲು ಇದು. ನೀವು ಅದನ್ನು ಕೇಳಿಸಿಕೊಳ್ಳದವರ ಹಾಗೆ ಮುಂದೆ ಹೋಗಿಬಿಟ್ಟಿದ್ದೀರಿ.

ಈಗ ಊರಿನ ವಿಷಯಕ್ಕೆ ಬರುತ್ತೇನೆ. ನೀವು ಲೆವಿಟೌನ್‌ನಲ್ಲಿ ಕೂತು ವರ್ಣಭೇದದ ಬಗ್ಗೆ ಬರೆದಿದ್ದೀರಿ, ಆದರೆ ಲೆವಿಟೌನ್ ಹೇಗೆ ಹುಟ್ಟಿತು ಎಂದು ಒಂದು ಸಾಲೂ ಇಲ್ಲ! ನನಗೆ ಅತಿ ಹೆಚ್ಚು ಬೇಜಾರಾಗಿದ್ದು ಇಲ್ಲೇ. 1947ರಿಂದ 1951ರ ಒಳಗೆ ಲೆವಿಟ್ ಕಂಪನಿ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ 17,000ಕ್ಕೂ ಜಾಸ್ತಿ ಮನೆ ಕಟ್ಟಿತು. ಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ ಮೊದಲ ಅವಕಾಶ. ಶುರುವಿನಲ್ಲಿ ಬಾಡಿಗೆಗೆ ಕೊಟ್ಟರು. ಆ ಕರಾರಿನ 25ನೇ ಷರತ್ತು ದಪ್ಪ ಅಕ್ಷರದಲ್ಲಿತ್ತು: ಕಕೇಷಿಯನ್ (ಬಿಳಿಯರಿಗೆ ಆಗ ಬಳಸುತ್ತಿದ್ದ ಹೆಸರು) ಜನಾಂಗದವರನ್ನು ಬಿಟ್ಟು ಬೇರೆ ಯಾರೂ ಈ ಮನೆಯಲ್ಲಿ ವಾಸ ಮಾಡಕೂಡದು. ಅದರ ಜೊತೆಗೇ ಇನ್ನೊಂದು ವಾಕ್ಯ: ಮನೆಗೆಲಸಕ್ಕೆ ಬೇರೆ ಜನಾಂಗದವರನ್ನು ಇಟ್ಟುಕೊಳ್ಳಬಹುದು.

ಈ ಎರಡನೇ ವಾಕ್ಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಪಾತ್ರೆ ತೊಳೆಯಲು, ಮಗು ಎತ್ತಿಕೊಳ್ಳಲು ಕಪ್ಪು ಹೆಂಗಸು ಅದೇ ಮನೆಯೊಳಗೆ ಬರಬಹುದು. ಅದೇ ಯುದ್ಧದಲ್ಲಿ ಹೋರಾಡಿ ಬಂದ ಅವಳ ಗಂಡನ ಹೆಸರಿಗೆ ಮಾತ್ರ ಆ ಮನೆ ಸಿಗಲ್ಲ. ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೂ ಕಂಪನಿ ಕಪ್ಪು ಜನರಿಗೆ ಮನೆ ಮಾರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅದೇ ಕಂಪನಿ ಕಟ್ಟಿದ ಇನ್ನೊಂದು ಲೆವಿಟೌನ್‌ಗೆ 1957ರಲ್ಲಿ ಮೈಯರ್ಸ್ ಎಂಬ ಕಪ್ಪು ದಂಪತಿ ಬಂದಾಗ ಜನ ಗುಂಪುಕಟ್ಟಿ ಕಲ್ಲು ತೂರಿದರು.

ನಿಮ್ಮ ನೆರೆಯವರು ಅಳುವ ಮುಂಚೆ ಒಂದು ಮಾತು ಹೇಳುತ್ತಾರಲ್ಲ, ‘ನಮ್ಮಪ್ಪ ಬೆವರು ಸುರಿಸಿ ದುಡಿದರು, ನಮಗೆ ಯಾರೂ ಬಿಟ್ಟಿ ಕೊಡಲಿಲ್ಲ’ ಅಂತ. ಆ ಮಾತು ನಿಜ, ಅದನ್ನು ಸುಳ್ಳು ಮಾಡಲು ಹೋಗಬೇಡಿ. ಅಪ್ಪ ದುಡಿದರು. ಆದರೆ ದುಡಿದ ದುಡ್ಡು ಮನೆಯಾಗಲು ಬೇಕಾದ ಬಾಗಿಲು ಅವರಿಗೆ ತೆರೆದಿತ್ತು. 1944ರ ಕಾನೂನು ಎಲ್ಲ ಮಾಜಿ ಸೈನಿಕರಿಗೂ ಸರ್ಕಾರದ ಖಾತರಿಯ ಸಾಲ ಕೊಟ್ಟಿತು, ಕಾಗದದ ಮೇಲೆ. ಮಿಸಿಸಿಪ್ಪಿಯಲ್ಲಿ 1947ರಲ್ಲಿ ಎಣಿಸಿದ ಅಂಥ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು 2. ಬಿಳಿ ಕೂಲಿಕಾರನಿಗೆ ಸಂಬಳ ಕಡಿಮೆ ಸಿಕ್ಕರೂ ಮರ್ಯಾದೆ, ಒಳ್ಳೆಯ ಸ್ಕೂಲು, ಪಾರ್ಕಿಗೆ ಪ್ರವೇಶ, ಕೋರ್ಟಿನ ಕರುಣೆ, ಹೀಗೆ ಇನ್ನೊಂದು ಬಗೆಯ ಕೂಲಿ ಸಿಗುತ್ತದೆ ಎಂದು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ 1935ರಲ್ಲೇ ಬರೆದಿದ್ದರು. ನಿಮ್ಮ ನೆರೆಯವರು ನಾಚಿಕೆ ಪಡುವುದಕ್ಕಿಂತ ಆ ಕೂಲಿಯ ಲೆಕ್ಕ ಹೇಳಿದ್ದರೆ ಚೆನ್ನಾಗಿತ್ತು. ಹುಟ್ಟಿದ್ದಕ್ಕೆ ನಾಚಿಕೆ ಪಟ್ಟರೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಆ ಮನೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಈಗ ಅದರ ಬೆಲೆ ಎಷ್ಟು, ಮಕ್ಕಳ ಕಾಲೇಜು ಫೀಸಿಗೆ ಅದನ್ನೇ ಒತ್ತೆ ಇಟ್ಟರಾ? ಇವುಗಳಿಗೆ ಉತ್ತರ ಇದೆ. ಕೇಳಬೇಕು ಅಷ್ಟೇ.

ಕೊನೆಯದಾಗಿ ನಿಮ್ಮ ಬಗ್ಗೆ. ಇಡೀ ಪ್ರಬಂಧದಲ್ಲಿ ನೀವು ದಡದ ಮೇಲೆ ನಿಂತಿದ್ದೀರಿ. ಅಲ್ಲಿ ಯಾರೂ ದಡದಲ್ಲಿಲ್ಲ. ಭಗತ್ ಸಿಂಗ್ ಥಿಂಡ್ ಅವರ ಪೌರತ್ವದ ಕೇಸು ನೆನಪಿಸಿಕೊಳ್ಳಿ. ಪಂಜಾಬಿನಿಂದ ಹೋದವರು, ಅಮೆರಿಕದ ಸೈನ್ಯದಲ್ಲಿದ್ದವರು. 1790ರ ಕಾನೂನಿನಂತೆ ವಲಸೆ ಬಂದವರಲ್ಲಿ ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ ಪೌರತ್ವ. ಆಫ್ರಿಕಾ ಮೂಲದವರನ್ನು 1870ರಲ್ಲಿ ಸೇರಿಸಿದರು. 1922ರಲ್ಲಿ ಜಪಾನಿನ ಟಕಾವೊ ಒಜಾವಾ ಅವರ ಅರ್ಜಿ ಬಂದಾಗ, ಬಿಳಿಯರು ಅಂದರೆ ಕಕೇಷಿಯನ್ನರು ಎಂದು ಅದನ್ನು ತಳ್ಳಿಹಾಕಿತು ಸುಪ್ರೀಂ ಕೋರ್ಟ್. ಮೂರೇ ತಿಂಗಳಲ್ಲಿ, 1923ರ ಫೆಬ್ರವರಿಯಲ್ಲಿ, ಜನಾಂಗಶಾಸ್ತ್ರದ ಲೆಕ್ಕದಲ್ಲಿ ಥಿಂಡ್ ಕಕೇಷಿಯನ್ ಇರಬಹುದು, ಆದರೆ ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಬಿಳಿಯರಲ್ಲ ಎಂದಿತು. ಎರಡೂ ತೀರ್ಪು ಬರೆದವರು ಒಬ್ಬರೇ, ಜಸ್ಟಿಸ್ ಜಾರ್ಜ್ ಸದರ್ಲೆಂಡ್. ಬಿಳಿ ಅನ್ನುವ ಗುರುತು ಚರ್ಮದಲ್ಲಿಲ್ಲ, ಬೇಲಿ ಹಾಕುವವರ ಕೈಯಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆದರೆ ಥಿಂಡ್ ಪರ ಹೂಡಿದ ವಾದವನ್ನೂ ಬರೆಯಲೇಬೇಕು. ಅವರು ಮೇಲ್ಜಾತಿಯವರು, ಅಮೆರಿಕದ ಬಿಳಿಯರು ಮದುವೆಯ ವಿಷಯದಲ್ಲಿ ಕಪ್ಪು ಜನರನ್ನು ಹೇಗೆ ದೂರ ಇಡುತ್ತಾರೋ ಮೇಲ್ಜಾತಿಯವರು ಭಾರತದ ಮೂಲನಿವಾಸಿಗಳನ್ನು ಹಾಗೇ ದೂರ ಇಡುತ್ತಾರೆ ಎಂಬ ವಾದ ಅದು. ಬಿಳಿಯರ ಸಾಲಿಗೆ ಸೇರಲು ನಮ್ಮ ಜಾತಿಯನ್ನೇ ಸರ್ಟಿಫಿಕೇಟ್ ಮಾಡಿ ಹಿಡಿದರು. ನೀವು, ನಿಮ್ಮ ಅಸೋಸಿಯೇಷನ್ನಿನ ಗೆಳೆಯರು ಮನೆ ಹುಡುಕುವಾಗ ‘ಆ ಏರಿಯಾ ಬೇಡ, ಸ್ಕೂಲ್ ಚೆನ್ನಾಗಿಲ್ಲ’ ಎಂದು ಮಾತಾಡಿಕೊಂಡದ್ದು ನಿಮ್ಮ ಎರಡನೇ ಪುಟದಲ್ಲಿದೆ. ಆ ಏರಿಯಾದಲ್ಲಿ ಯಾರಿದ್ದರು? ಅದನ್ನು ಬರೆಯಿರಿ. ನಮ್ಮವರು ಅಲ್ಲಿಗೆ ಹೋಗಲು ದಾರಿ ಮಾಡಿದ 1965ರ ವಲಸೆ ಕಾನೂನು ಬಂದದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಕಾವೇರಿದ್ದ ದಿನಗಳಲ್ಲೇ ಅನ್ನುವುದೂ ಅದರ ಪಕ್ಕದಲ್ಲೇ ಇರಲಿ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ, ಮಾನವೀಯತೆಯ ಬಗ್ಗೆ ಅಷ್ಟು ದೊಡ್ಡ ಮಾತು ಬೇಕಿಲ್ಲ. ಕೈ ಹಿಡಿಯುವ ದೃಶ್ಯ ಇರಲಿ, ‘ನಿಮ್ಮ ತಪ್ಪಿಲ್ಲ’ ಅಂದದ್ದು ಯಾಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನರ್ಸ್ ಒಪ್ಪಿದರೆ ಮತ್ತೆ ಮಾತಾಡಿಸಿ, ಒಪ್ಪದಿದ್ದರೆ ಒತ್ತಾಯ ಬೇಡ. ನೆರೆಯವರ ಹತ್ತಿರ ಅಪ್ಪನ ಹಳೇ ಕರಾರು ಇದೆಯಾ ಕೇಳಿ, ಸಿಕ್ಕರೆ ಅದನ್ನು ಅವರ ಜೊತೆ ಕೂತು ಓದಿ, ಅವರು ಏನೆಂದರು ಅಂತ ಹಾಗೇ ಬರೆಯಿರಿ. ಅವಸರ ಇಲ್ಲ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.