ಯೆಝೋವ್ ಅಷ್ಟು ಬೇಗ ಉರುಳಿದ್ದೇಕೆ?

ಸ್ಟಾಲಿನ್‌ನ ಗುಪ್ತ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಝೋವ್ ಎರಡೇ ವರ್ಷಗಳಲ್ಲಿ ಅಧಿಕಾರ ಕಳೆದುಕೊಂಡದ್ದು ಅವನ ಕ್ರೌರ್ಯ ಮಿತಿಮೀರಿದ್ದರಿಂದಲೇ ಎಂದು ತಾವು ಕೇಳಿದ್ದೀರಿ. ಈ ಕಾಲದ ಬಗ್ಗೆ ಹಲವು ವರ್ಷ ಓದಿದವನಾಗಿ ನಾನು ಅಲ್ಲ ಎನ್ನುತ್ತೇನೆ. ಒಪ್ಪಿಸಿದ ಕೆಲಸವನ್ನು ಅವನು ಮಾಡಿ ಮುಗಿಸಿದ್ದ. ಆ ಕೆಲಸದ ಪಾಪವನ್ನು ಹೊರಿಸಲು ಒಂದು ತಲೆ ಬೇಕಾಗಿತ್ತು.

1936ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಪೊಲೀಸ್ ಮುಖ್ಯಸ್ಥ ಯಗೋಡಾನ ಜಾಗಕ್ಕೆ ಬರುವ ಮೊದಲು ಯೆಝೋವ್ ಕಮ್ಯುನಿಸ್ಟ್ ಪಕ್ಷದ ಸಿಬ್ಬಂದಿ ವಿಭಾಗದ ಕಡತಗಳ ನಡುವೆ ಮೇಲೇರಿದವನು. ಸ್ಟಾಲಿನ್‌ನ ಕೃಪೆಯ ಹೊರತು ಸ್ವಂತ ಬಲವೆಂಬುದು ಅವನಿಗೆ ಇರಲಿಲ್ಲ. 1937ರ ಜುಲೈ 30ರಂದು ಅವನು ಸಹಿ ಮಾಡಿದ 00447ನೇ ಆದೇಶವನ್ನು ಓದಿದಾಗ ನನಗೆ ಇಂದಿಗೂ ಮೈ ನಡುಗುತ್ತದೆ. ಯಾವ ಪ್ರಾಂತ್ಯದಲ್ಲಿ ಎಷ್ಟು ಜನರನ್ನು ಗುಂಡಿಟ್ಟು ಕೊಲ್ಲಬೇಕು, ಎಷ್ಟು ಜನರನ್ನು 8ರಿಂದ 10 ವರ್ಷ ಸೆರೆಗೆ ಅಟ್ಟಬೇಕು ಎಂಬ ಲೆಕ್ಕವನ್ನು ಮೊದಲೇ ನಿಗದಿಪಡಿಸಿ, ಹೆಸರುಗಳನ್ನು ಆಮೇಲೆ ಹುಡುಕಿಕೊಳ್ಳಲು ಬಿಟ್ಟ ಆದೇಶವದು. 'ತ್ರೋಯ್ಕಾ' ಎಂಬ ಮೂವರ ಸಮಿತಿಗಳು ಆರೋಪಿಯ ಮುಖವನ್ನೂ ನೋಡದೆ ತೀರ್ಪು ಕೊಡುತ್ತಿದ್ದವು. ನಿಗದಿಯಾದ ಸಂಖ್ಯೆ ಸಾಲದೆಂದು ಸ್ಥಳೀಯ ಅಧಿಕಾರಿಗಳು ಮಾಸ್ಕೋಗೆ ಬರೆದು ಇನ್ನಷ್ಟು ಕೇಳಿ ಪಡೆಯುತ್ತಿದ್ದರು. 1937 ಮತ್ತು 1938ರ ಎರಡು ವರ್ಷಗಳಲ್ಲಿ ಗುಂಡಿಗೆ ಬಲಿಯಾದವರು ಸರ್ಕಾರದ ದಾಖಲೆಗಳ ಪ್ರಕಾರವೇ 6,80,000ಕ್ಕೂ ಹೆಚ್ಚು. ಸರೋಜಿನಿ ನಾಯ್ಡು ಅವರ ಸಹೋದರ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಸಂಬಂಧದಲ್ಲಿ ಭಾವನಾಗಬೇಕಿದ್ದ ಕ್ರಾಂತಿಕಾರಿ ವೀರೇಂದ್ರನಾಥ ಚಟ್ಟೋಪಾಧ್ಯಾಯರೂ ಅವರಲ್ಲಿ ಒಬ್ಬರು. ಅವರನ್ನು 1937ರ ಸೆಪ್ಟೆಂಬರ್ 2ರಂದು ಕೊಲ್ಲಲಾಯಿತು.

ಯೆಝೋವ್‌ನ ಪತನ ಸದ್ದಿಲ್ಲದೆ ಶುರುವಾಯಿತು. 1938ರ ಏಪ್ರಿಲ್‌ನಲ್ಲಿ ಅವನಿಗೆ ಜಲಸಾರಿಗೆ ಖಾತೆಯನ್ನೂ ಹೆಚ್ಚುವರಿಯಾಗಿ ವಹಿಸಿದರು; ನೋಡಲು ಬಡ್ತಿಯಂತಿದ್ದರೂ ಅದು ಅವನನ್ನು ಪಕ್ಕಕ್ಕೆ ಸರಿಸುವ ಮೊದಲ ಹೆಜ್ಜೆ. ಆಗಸ್ಟ್‌ನಲ್ಲಿ, ಮುಂದೆ ಅವನ ಜಾಗವನ್ನೇ ಹಿಡಿದ ಬೇರಿಯಾ ಅವನ ಉಪಮುಖ್ಯಸ್ಥನಾಗಿ ಬಂದು ಕುಳಿತ. ಪಕ್ಷ ಮತ್ತು ಸರ್ಕಾರದ ನವೆಂಬರ್ 17ರ ನಿರ್ಣಯವು ಸಾಮೂಹಿಕ ಬಂಧನಗಳನ್ನು ನಿಲ್ಲಿಸಿ, ತಪ್ಪನ್ನೆಲ್ಲ ಪೊಲೀಸರ ಮೇಲೆ ಹಾಕಿತು. ಕೆಲವೇ ದಿನಗಳಲ್ಲಿ ಯೆಝೋವ್ ರಾಜೀನಾಮೆ ಕೊಟ್ಟ. 1939ರ ಏಪ್ರಿಲ್‌ನಲ್ಲಿ ಬಂಧಿತನಾದ. 1940ರ ಫೆಬ್ರವರಿಯಲ್ಲಿ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆದಾಗ, ಹೊಡೆತ ತಾಳಲಾರದೆ ಗೂಢಚಾರನೆಂದು ಒಪ್ಪಿಕೊಂಡೆನೆಂದು ಹೇಳಿದ ಆ ಮನುಷ್ಯನೇ, ತನ್ನ ಇಲಾಖೆಯಲ್ಲಿ ಇನ್ನಷ್ಟು ಜನರನ್ನು 'ಶುದ್ಧೀಕರಿಸದೆ', ಅಂದರೆ ಶತ್ರುಗಳೆಂದು ತೆಗೆದುಹಾಕದೆ ಬಿಟ್ಟದ್ದು ತನ್ನ ನಿಜವಾದ ಅಪರಾಧವೆಂದೂ ಹೇಳಿದ. ಸಾವಿನ ಬಾಗಿಲಲ್ಲಿ ನಿಂತಾಗಲೂ ಅವನಿಗೆ ಆ ಲಕ್ಷಾಂತರ ಜನರ ನೆನಪಾಗಲಿಲ್ಲ ಎಂಬುದನ್ನು ನಾನು ಕ್ಷಮಿಸಲಾರೆ. ಮರುದಿನವೇ ಅವನನ್ನು ಗುಂಡಿಟ್ಟು ಕೊಂದರು.

ಅವನನ್ನು ನಿರಪರಾಧಿಯೆಂದು ಘೋಷಿಸಬೇಕೆಂಬ ಮನವಿ 1998ರಲ್ಲಿ ರಷ್ಯಾದ ಸುಪ್ರೀಂ ಕೋರ್ಟಿನ ಸೈನಿಕ ಪೀಠದ ಮುಂದೆ ಬಂದಿತ್ತು; ಪೀಠ ಅದನ್ನು ತಿರಸ್ಕರಿಸಿತು.