ನಗರದ 20 ವರ್ಷದ ಮಾಸ್ಟರ್ ಪ್ಲಾನ್‌ನಲ್ಲಿ ಪರಿಸರದ ದೃಷ್ಟಿಯಿಂದ ಏನನ್ನು ನೋಡಬೇಕು?

ಮೊದಲು ಮಳೆನೀರಿನ ದಾರಿ ನೋಡಿ. ಮಣ್ಣು ನೀರು ಕುಡಿಯುತ್ತದೆ, ಕಾಂಕ್ರೀಟ್ ಕುಡಿಯುವುದಿಲ್ಲ. ಎತ್ತರದ ಬಡಾವಣೆಗೆ ಕಾಂಕ್ರೀಟ್ ಹಾಕಿದರೆ ಮುಳುಗುವುದು ತಗ್ಗಿನ ಬಡಾವಣೆ. ಯಾವ ಜಾಗ ಯಾವುದಕ್ಕೆ ಅಂತ ಬಣ್ಣದಲ್ಲಿ ತೋರಿಸುವ ಭೂಬಳಕೆ ನಕ್ಷೆಯನ್ನೂ ಹಳ್ಳ-ಕೆರೆಗಳ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹಳ್ಳದ ಮೇಲೆಯೇ ವಸತಿ ಪ್ರದೇಶದ ಬಣ್ಣ ಬಳಿದಿದ್ದರೆ, ಪರಿಸರದ ಬಗ್ಗೆ ಬರೆದ ಅಧ್ಯಾಯ ಸುಮ್ನೆ ಅಲಂಕಾರಕ್ಕೆ.

ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ 2011ರ ಜುಲೈನಲ್ಲಿ ಒಂದೇ ಮಳೆಗೆ ರಸ್ತೆಗಳು ಮುಳುಗಿದವು. 2012ರ ಯೋಜನೆಯಲ್ಲಿ ಅವರು ಬರೀ ಪೈಪ್ ನಂಬಲಿಲ್ಲ. ಜೋರು ಮಳೆ ಬಂದಾಗ ಪಾರ್ಕು, ರಸ್ತೆಗಳೇ ನೀರು ಹಿಡಿಯುವ ಹಾಗೆ ಯೋಚಿಸಿದರು.

ಹೊಗೆ, ಶಬ್ದ, ಕಸವೂ ಮುಖ್ಯವೇ. ಆದರೆ ಅವನ್ನು ಆಮೇಲೂ ಒಂದಿಷ್ಟು ಸರಿಮಾಡಬಹುದು. ಕಟ್ಟಡ ಎದ್ದ ಮೇಲೆ ಹಳ್ಳ ಬಿಡಿಸಿಕೊಳ್ಳುವುದು ಕಷ್ಟ ಅಲ್ವಾ? ಹಾಗಾಗಿ ಕರಡು ಹಂತದಲ್ಲೇ, ಸರ್ವೆ ನಂಬರ್ ಹಾಕಿ ಲಿಖಿತ ಆಕ್ಷೇಪಣೆ ಕೊಡಿ.